ತಗಡಿನ ಮಾಡಿನ ಝಳ, ಕಾರವಾರದ ಸೆಕೆ ಮತ್ತು ಬೆಳ್ಳಿ ಹಾಳೆ

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿದೆ. ಕಟ್ಟಿ 12 ವರ್ಷ ಆಯ್ತು. ಕೆಳಗೆ ಆರ್‌ಸಿಸಿ. ಹಿಂದಿನ ಅರ್ಧದ ಮೇಲೆ 5 ವರ್ಷದ ಕೆಳಗೆ ಎರಡು ಕೋಣೆ, ಒಂದು ಜಗಲಿ ಎಬ್ಬಿಸಿ ಕಡು ಹಸಿರು ಬಣ್ಣದ ತಗಡಿನ ಶೀಟ್ ಹಾಕಿಸಿದ್ದೇವೆ. ಶೀಟಿನ ಕೆಳಗೆ ಪಿವಿಸಿ ಸೀಲಿಂಗ್ ಇದೆ. ನಡುವೆ ಎರಡರಿಂದ ನಾಲ್ಕು ಅಡಿ ಜಾಗ, ಅಟ್ಟದ ಹಾಗೆ. ಮುಂದಿನ ಅರ್ಧ ಬೋಳು ತಾರಸಿ, ಅದರ ಕೆಳಗೆ ಅತ್ತೆ, ಮಾವ ಮಲಗುವ ಕೋಣೆ. ಮಗಳು ಮೇಲಿನ ಕೋಣೆಯಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಬೆಳಿಗ್ಗೆ 11ರಿಂದ ಸಂಜೆ 5ರ ತನಕ ಅಲ್ಲಿ ಒಂದೂವರೆ ಟನ್ ಏಸಿ ಓಡುತ್ತದೆ. ಅತ್ತೆ, ಮಾವನ ಕೋಣೆಯಲ್ಲಿ ರಾತ್ರಿ 10ರಿಂದ 5ರ ತನಕ ಒಂದು ಟನ್ ಏಸಿ. ಜನವರಿಯಲ್ಲಿ 140 ಯೂನಿಟ್ ಬಂದಿತ್ತು, ಏಪ್ರಿಲ್‌ನಲ್ಲಿ 410. ಮಾಡಿನ ಕೆಳಗೆ ಬೆಳ್ಳಿ ಬಣ್ಣದ ಗುಳ್ಳೆ ಹಾಳೆ ಹಾಕಿದರೆ ಶಾಖ 97% ನಿಲ್ಲುತ್ತದೆ, ಕೋಣೆ 15 ಡಿಗ್ರಿ ತಂಪಾಗುತ್ತದೆ, ಬಿಲ್ ಅರ್ಧ ಆಗುತ್ತದೆ ಅಂತ ಮಾರುವವರು ಬಂದು ಹೇಳಿದರು. ಥರ್ಮಾಮೀಟರ್ ಗನ್ ಹಿಡಿದು ಶೀಟಿಗೆ 58, ಹಾಳೆಯ ತುಂಡಿಗೆ 33 ಅಂತ ತೋರಿಸಿಯೂ ಬಿಟ್ಟರು. 650 ಚದರ ಅಡಿಗೆ, ಅಡಿಗೆ 48 ರೂಪಾಯಿಯಂತೆ ಕೂಲಿ ಸೇರಿ 31,200 ಕೇಳುತ್ತಾರೆ. ಹಾಳೆಯನ್ನು ಸೀಲಿಂಗ್ ಮೇಲೆ ಹಾಸುತ್ತಾರಂತೆ. ಹಾಕಿಸಬಹುದಾ? ಉಪ್ಪು ಗಾಳಿಗೆ ತಾಳುತ್ತದಾ? ಇಲಿ, ಶಾಕ್, ಬೆಂಕಿ, ಎಲ್ಲದರ ಭಯ ಇದೆ. ಶಿರಸಿಯಲ್ಲಿರುವ ನನ್ನ ಅಣ್ಣನದು ಹಳೇ ಹೆಂಚಿನ ಮನೆ. ಚಳಿಗಾಲದಲ್ಲಿ ಬೆಚ್ಚಗಿರುತ್ತದೆ ಅಂತ ಅವನೂ ಹಾಕಿಸುವ ಯೋಚನೆಯಲ್ಲಿದ್ದಾನೆ.

ಉತ್ತರ: ನಿಮ್ಮ ಪತ್ರದಲ್ಲಿ ಯಾವ ಏಸಿ ಯಾವ ಹೊತ್ತಿಗೆ ಓಡುತ್ತದೆ ಅಂತ ಬರೆದಿದ್ದೀರಲ್ಲ, ಅದು ತುಂಬ ಒಳ್ಳೇದಾಯಿತು. ಹೆಚ್ಚಿನವರು ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆಯುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಆ ಎರಡು ಸಾಲಿನಲ್ಲಿ.

ಮೊದಲು ಒಂದು ವಿಷಯ. ನಮ್ಮ ಕಡೆ ಬೇಸಿಗೆಯ ಕಾಟಕ್ಕೆ ಎರಡು ಬೇರೆ ಬೇರೆ ಮಾತಿದೆ: ಝಳ ಮತ್ತು ಸೆಕೆ. ಹಂಡೆ ಒಲೆಯ ಮುಂದೆ ಕೂತಾಗ ಮುಖಕ್ಕೆ ಬಡಿಯುತ್ತದಲ್ಲ, ಅದು ಝಳ. ನಡುವೆ ಒಂದು ರಟ್ಟು ಅಡ್ಡ ಹಿಡಿದರೆ ಆ ಕ್ಷಣಕ್ಕೇ ನಿಲ್ಲುತ್ತದೆ. ಬಿಸಿಯಾದ ವಸ್ತುವಿನಿಂದ ಬೆಳಕಿನ ಹಾಗೆ ನೇರ ಹೊರಟು ಬರುವ ಶಾಖ ಅದು, ಗಾಳಿಯ ಹಂಗಿಲ್ಲ. ಸೆಕೆ ಬೇರೆ. ಗಾಳಿಯಲ್ಲಿ ನೀರಿನ ಪಸೆ ತುಂಬಿಕೊಂಡು, ಬೆವರು ಆರದೆ ಮೈಗೆ ಅಂಟಿಕೊಳ್ಳುವುದು ಸೆಕೆ. ಕಾರವಾರದ ಮೇ ತಿಂಗಳಲ್ಲಿ ನೆರಳಿನ ಗಾಳಿ 33, 34 ಡಿಗ್ರಿ ಇರುತ್ತದೆ. ರಾಯಚೂರಿನವರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೂ ನಾವು ಬೇಯುತ್ತೇವೆ. ಯಾಕೆಂದರೆ ನಮ್ಮದು ಸೆಕೆ.

ಬೆಳ್ಳಿ ಹಾಳೆ ಝಳವನ್ನು ತಡೆಯುತ್ತದೆ. ಸೆಕೆಗೆ ಅದು ಏನೂ ಮಾಡುವುದಿಲ್ಲ. ಮಾರುವವರು ಹೇಳಿದ 97% ಪೂರ್ತಿ ಸುಳ್ಳಲ್ಲ. ಹೊಳೆಯುವ ಶುದ್ಧ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಝಳದಲ್ಲಿ 95ರಿಂದ 97% ಭಾಗವನ್ನು ವಾಪಸ್ ಎಸೆಯುತ್ತದೆ. ಆದರೆ ಅದು ಹಾಳೆಯ ಮೈಯ ಗುಣ. ನಿಮ್ಮ ಮನೆಯೊಳಗೆ ಬರುವ ಒಟ್ಟು ಶಾಖದಲ್ಲಿ 97% ಅಂತ ಅರ್ಥ ಅಲ್ಲ. ಗೋಡೆಯಿಂದ ಬರುವುದು, ಕಿಟಕಿಯಿಂದ ಬರುವುದು, ಬಾಗಿಲು ತೆರೆದಾಗ ನುಗ್ಗುವ ಗಾಳಿ, ಮೈಯ ಬಿಸಿ, ಕಂಪ್ಯೂಟರಿನ ಬಿಸಿ, ಗಾಳಿಯ ಪಸೆ, ಇವೆಲ್ಲ ಹಾಗೇ ಉಳಿಯುತ್ತವೆ.

ಪಸೆಯ ಲೆಕ್ಕ ನೀವೇ ನೋಡಬಹುದು. ಏಸಿಯ ಪೈಪಿನಿಂದ ಹೊರಗೆ ನೀರು ತೊಟ್ಟಿಕ್ಕುತ್ತದಲ್ಲ, ಅಲ್ಲಿ ಒಂದು ಬಕೆಟ್ ಇಡಿ. 10 ಲೀಟರ್ ತುಂಬಿತು ಅಂದರೆ ಆ ನೀರನ್ನು ಗಾಳಿಯಿಂದ ಹಿಂಡಿ ತೆಗೆಯಲಿಕ್ಕೇ ಹೆಚ್ಚುಕಡಿಮೆ 2 ಯೂನಿಟ್ ಕರೆಂಟ್ ಹೋಯಿತು. ಮಾಡಿಗೆ ಏನೇ ಹೊದಿಸಿದರೂ ಆ 2 ಯೂನಿಟ್ ಉಳಿಯುವುದಿಲ್ಲ. ಒಣ ಸೀಮೆಯಲ್ಲಿ ಕಂಡ ಉಳಿತಾಯವನ್ನು ಕರಾವಳಿಗೆ ತಂದು ಹೇಳುವುದು ತಪ್ಪಾಗುವುದು ಇಲ್ಲೇ.

ಇನ್ನು ಆ ಥರ್ಮಾಮೀಟರ್ ಗನ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಷ್ಟೋ ಮನೆಯವರು ಹಣ ಕೊಟ್ಟದ್ದು ಆ ಆಟ ನೋಡಿಯೇ. ಆ ಗನ್ ವಸ್ತುವನ್ನು ಮುಟ್ಟುವುದಿಲ್ಲ, ಅದರಿಂದ ಬರುವ ಝಳವನ್ನು ಓದಿ ಡಿಗ್ರಿ ಹೇಳುತ್ತದೆ. ಬಣ್ಣದ ಶೀಟು, ಗೋಡೆ, ಮರ, ಪಿವಿಸಿ ಇವಕ್ಕೆ ಸರಿಯಾಗಿಯೇ ಹೇಳುತ್ತದೆ. ಹೊಳೆಯುವ ಲೋಹಕ್ಕೆ ಹಿಡಿದರೆ ಮಾತ್ರ ಮೋಸ ಹೋಗುತ್ತದೆ. ಕನ್ನಡಿಗೆ ಟಾರ್ಚ್ ಹಿಡಿದ ಹಾಗೆ, ಎದುರಿಗಿರುವ ನೆಲದ ಅಥವಾ ಗೋಡೆಯ ಪ್ರತಿಬಿಂಬವನ್ನು ಓದಿ ಹೇಳುತ್ತದೆ. ನಿಮಗೆ ತೋರಿಸಿದ 33 ಬಹಳ ಮಟ್ಟಿಗೆ ನಿಮ್ಮ ಕೋಣೆಯ ನೆಲದ್ದು. ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಟೇಪನ್ನು ಎರಡು ಇಂಚು ಹರಿದು ಹಾಳೆಗೆ ಅಂಟಿಸಿ, ಐದು ನಿಮಿಷ ಬಿಟ್ಟು ಟೇಪಿನ ಮೇಲೆ ಗನ್ ಹಿಡಿಯಿರಿ. ಹಾಳೆ ಶೀಟಿನ ಕೆಳಗೇ ಕೂತಿದ್ದರೆ, ನಾನು ನೋಡಿದ ಮನೆಗಳಲ್ಲಿ ಅದು 40ರ ಆಚೀಚೆ ತೋರಿಸುತ್ತದೆ. ಹಾಗಂತ ಹಾಳೆ ಕೆಲಸ ಮಾಡುತ್ತಿಲ್ಲ ಅಂತ ಅಲ್ಲ. ತಾನು ಬಿಸಿಯಾದರೂ ಕೆಳಗೆ ಝಳ ಬಿಡುವುದು ಬಹಳ ಕಡಿಮೆ, ಅದೇ ಅದರ ಗುಣ. ಆದರೆ 58ರಿಂದ 33 ಕಳೆದು 25 ಡಿಗ್ರಿ ತಂಪು ಅಂತ ಹೇಳಿದರೆ ಅದು ಲೆಕ್ಕವೇ ಅಲ್ಲ. ನಿಮಗೆ ಬೇಕಾದದ್ದು ಪಿವಿಸಿ ಸೀಲಿಂಗಿನ ಬಿಸಿ. ಮಧ್ಯಾಹ್ನ ಎರಡು ಗಂಟೆಗೆ, ಹಾಳೆ ಹಾಕುವ ಮೊದಲು ಎಷ್ಟು, ಹಾಕಿದ ಮೇಲೆ ಎಷ್ಟು. ಅದನ್ನು ಅಳೆದು ತೋರಿಸಲಿ.

ಈಗ ನಿಮ್ಮ ಮನೆಗೆ ಬರೋಣ. ನಿಮ್ಮಲ್ಲಿ ಎರಡು ಮಾಡು ಇದೆ, ಎರಡರ ಸ್ವಭಾವವೂ ಬೇರೆ.

ಹಿಂದಿನ ತಗಡಿನ ಮಾಡು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕಡು ಹಸಿರು ಶೀಟು ಏಪ್ರಿಲ್ ಮಧ್ಯಾಹ್ನ 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಅಷ್ಟು ಬಿಸಿಯಾದ ಶೀಟು ಕೆಳಗಿನ 32 ಡಿಗ್ರಿಯ ಕಡೆಗೆ ಒಂದು ಚದರ ಮೀಟರಿಗೆ ಸುಮಾರು 150 ವಾಟ್ ಝಳ ಸುರಿಯುತ್ತದೆ. ಮಗಳ ಕೋಣೆ 12ಕ್ಕೆ 14 ಅಂತ ಹಿಡಿಯಿರಿ, ಅಂದರೆ 15 ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಎರಡು ಇಸ್ತ್ರಿ ಪೆಟ್ಟಿಗೆ ಕಾಯಿಸಿ ಸೀಲಿಂಗ್ ಮೇಲೆ ಇಟ್ಟಷ್ಟು ಶಾಖ ಅದು. ಪಿವಿಸಿ ಅಡ್ಡ ಇರುವುದರಿಂದ ಎಲ್ಲವೂ ನೇರ ಕೆಳಗೆ ಬರುವುದಿಲ್ಲ. ಮೊದಲು ಪಿವಿಸಿ ಕಾಯುತ್ತದೆ, ಆಮೇಲೆ ಅದು ತಲೆಯ ಮೇಲೆ ಝಳ ಬಿಡುತ್ತದೆ. ಏಸಿ ಹಾಕಿದರೂ ನೆತ್ತಿ ಸುಡುತ್ತದೆ ಅಂತ ಮಗಳು ಹೇಳುತ್ತಿರಬೇಕು, ಅಲ್ವಾ? ಗಾಳಿ ತಣ್ಣಗಿದ್ದರೂ ತಲೆಯ ಮೇಲಿನ ಮೈ ಬಿಸಿ ಇದ್ದರೆ ಹಾಗೇ ಆಗುವುದು. ಸಂಜೆ ಸೂರ್ಯ ಕಡಲಿಗೆ ಇಳಿದು ಒಂದು ಗಂಟೆಯೊಳಗೆ ಆ ಶೀಟು ತಣ್ಣಗಾಗಿಬಿಡುತ್ತದೆ.

ಮುಂದಿನ ಸ್ಲ್ಯಾಬ್ ಹಾಗಲ್ಲ. ಐದಾರು ಇಂಚಿನ ಕಾಂಕ್ರೀಟು ಇಡೀ ದಿನ ಬಿಸಿಲು ಕುಡಿಯುತ್ತದೆ. ಮೇಲೆ ಬಿದ್ದ ಕಾವು ಕೆಳಗಿನ ಮೈಗೆ ಇಳಿಯಲಿಕ್ಕೆ ಗಂಟೆಗಟ್ಟಲೆ ಬೇಕು. ಹೊರಗೆ ತಂಪು ಗಾಳಿ ಶುರುವಾದ ಹೊತ್ತಿಗೆ, ಅತ್ತೆ, ಮಾವ ಮಲಗುವ ಹೊತ್ತಿಗೆ ಸರಿಯಾಗಿ, ಸ್ಲ್ಯಾಬ್ ಕೋಣೆಯೊಳಗೆ ಕಾವು ಬಿಡಲಿಕ್ಕೆ ಶುರು ಮಾಡುತ್ತದೆ. ರಾತ್ರಿ ಓಡುವ ಏಸಿ ಹೊರಗಿನ ಗಾಳಿಯ ಜೊತೆಗಿಂತ ಜಾಸ್ತಿ ತಲೆಯ ಮೇಲಿನ ಕಾಂಕ್ರೀಟಿನ ಜೊತೆ ಗುದ್ದಾಡುತ್ತಿದೆ.

ನಿಮ್ಮ 410 ಯೂನಿಟನ್ನು ಹೀಗೆ ಬಿಡಿಸಬಹುದು. ಮನೆಯ ಮಾಮೂಲಿ ಖರ್ಚು 140. ಮೇಲಿನ ಏಸಿ ದಿನಕ್ಕೆ 6 ಗಂಟೆ, ತಿಂಗಳಿಗೆ 22 ದಿನ, ಗಂಟೆಗೆ 1.1 ಯೂನಿಟ್ ಹಿಡಿದರೆ 145. ಕೆಳಗಿನದು ದಿನಕ್ಕೆ 7 ಗಂಟೆ, 30 ದಿನ, ಗಂಟೆಗೆ 0.6 ಹಿಡಿದರೆ 126. ಒಟ್ಟು 411. ನಿಮ್ಮ ಬಿಲ್ಲಿಗೆ ಸರಿಹೊಂದುತ್ತದೆ. ಅಂದರೆ ಏಸಿ ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧ ಕೆಳಗಿನ ಕೋಣೆಯದು. ಮಾರುವವರು ಆ ಕೋಣೆಯ ಮಾತೇ ಎತ್ತಿಲ್ಲ.

ಬೆಳ್ಳಿ ಹಾಳೆಯಿಂದ ಎಷ್ಟು ಉಳಿಯಬಹುದು? ಅಮೆರಿಕದ ಇಂಧನ ಇಲಾಖೆ ಹೇಳುವುದು, ಬಿಸಿಲು ಜಾಸ್ತಿ ಇರುವ ಊರುಗಳಲ್ಲಿ ಅಟ್ಟಕ್ಕೆ ಇಂಥ ಹಾಳೆ ಹಾಕಿದರೆ ತಂಪು ಮಾಡುವ ಖರ್ಚು 5ರಿಂದ 10% ಇಳಿಯಬಹುದು ಅಂತ. ಅಲ್ಲಿಯ ಮನೆಗಳಲ್ಲಿ ಅಟ್ಟಕ್ಕೆ ಮೊದಲೇ ದಪ್ಪ ಹೊದಿಕೆ ಇರುತ್ತದೆ. ನಿಮ್ಮದು ಬರೀ ತಗಡು, ಏಸಿ ಓಡುವುದೂ ನಡುಬಿಸಿಲಿಗೇ. ಹಾಗಾಗಿ ಮಗಳ ಕೋಣೆಯ ಏಸಿಯಲ್ಲಿ 20ರಿಂದ 25% ಇಳಿಯಬಹುದು ಅಂತ ನಾನು ಅಂದಾಜು ಹಾಕುತ್ತೇನೆ. ತಿಂಗಳಿಗೆ 30, 35 ಯೂನಿಟ್. ಸೆಕೆಗಾಲ ನಾಲ್ಕು ತಿಂಗಳು ಹಿಡಿದು, ಯೂನಿಟ್ಟಿಗೆ ಆರೇಳು ರೂಪಾಯಿ ಹಿಡಿದರೆ ವರ್ಷಕ್ಕೆ 900 ರೂಪಾಯಿ ಆಸುಪಾಸು. 31,200 ರೂಪಾಯಿ ವಾಪಸ್ ಬರಲಿಕ್ಕೆ ಸುಮಾರು 35 ವರ್ಷ ಬೇಕು. ಕಡಲ ಪಕ್ಕದಲ್ಲಿ ಯಾವ ಹಾಳೆಯೂ ಅಷ್ಟು ವರ್ಷ ಬಾಳುವುದಿಲ್ಲ. ಗೃಹಜ್ಯೋತಿ ಲೆಕ್ಕಕ್ಕೂ ಇದು ಸಾಲದು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಲೇಬೇಕು. 410 ಹೋಗಿ 375 ಆದರೂ ಆ ಗೆರೆಯ ಆಚೆಯೇ ಉಳಿಯುತ್ತೀರಿ.

ಬಿಲ್ ಕಡಿಮೆ ಮಾಡಲಿಕ್ಕೆ ಅಂತ 650 ಅಡಿಗೂ ಹಾಕಿಸಬೇಡಿ. ಜಗಲಿಗೆ, ಯಾರೂ ಹಗಲು ಕೂರದ ಇನ್ನೊಂದು ಕೋಣೆಗೆ ಹಾಕುವುದು ಸುಮ್ನೆ ದಂಡ. ಮಗಳು ಕೂರುವ ಕೋಣೆಯೊಂದಕ್ಕೆ, ಇಳಿಜಾರು ಸೇರಿಸಿ 180 ಅಡಿ, 8,640 ರೂಪಾಯಿ ಆಗುತ್ತದೆ. ಅದನ್ನು ನಾನು ಬೇಡ ಅನ್ನುವುದಿಲ್ಲ. ದಿನಕ್ಕೆ ಆರು ಗಂಟೆ ನೆತ್ತಿ ಸುಡದೆ ಕೆಲಸ ಮಾಡುವುದಕ್ಕೂ ಬೆಲೆ ಇದೆ. ಆದರೆ ಹಾಕುವ ರೀತಿ ಬೇರೆ ಆಗಬೇಕು.

ಸೀಲಿಂಗ್ ಮೇಲೆ ಹಾಸಲಿಕ್ಕೆ ಬಿಡಬೇಡಿ. ಅಂಕೋಲೆಯ ಒಂದು ಮನೆಯಲ್ಲಿ ಹಾಗೆ ಹಾಸಿದ್ದರು. ಎರಡು ವರ್ಷದ ಮೇಲೆ 'ಮೊದಲಿನ ಹಾಗೆ ತಂಪಿಲ್ಲ' ಅಂತ ಕರೆದರು. ಸೀಲಿಂಗಿನ ಒಂದು ಪಟ್ಟಿ ಬಿಚ್ಚಿ ತಲೆ ತೂರಿಸಿ ನೋಡಿದೆ. ಹಾಳೆ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಬೂದು ಬಣ್ಣದ ಧೂಳು, ಇಲಿ ಹಿಕ್ಕೆ, ಜೇಡರ ಬಲೆ. ಒದ್ದೆ ಬಟ್ಟೆಯಿಂದ ಅಂಗೈ ಅಗಲ ಒರೆಸಿದೆ, ಅಷ್ಟೇ ಜಾಗ ಫಳ್ ಅಂತ ಹೊಳೆಯಿತು. ಟಾರ್ಚ್ ಬೆಳಕಿನಲ್ಲಿ ಅದನ್ನು ಮನೆಯವರಿಗೆ ತೋರಿಸಿದೆ, ಮತ್ತೇನೂ ವಿವರಿಸಬೇಕಾಗಲಿಲ್ಲ. ಮೇಲ್ಮುಖ ಹೊಳಪಿನ ಮೇಲೆ ಧೂಳು ಕೂತರೆ ಅದು ಹೊಳಪೇ ಅಲ್ಲ, ಝಳ ಕುಡಿಯುವ ಮಾಮೂಲಿ ಹಾಳೆ.

ಹಾಳೆ ಮೇಲೆ ಇರಬೇಕು, ಶೀಟು ಕೂರುವ ಅಡ್ಡ ಪೈಪುಗಳ ಕೆಳಗೆ. ಹೊಳಪಿನ ಮೈ ಕೆಳಮುಖವಾಗಿ ಅಟ್ಟದ ಕಡೆಗೆ ಇರಲಿ. ಆ ಮೈಗೆ ಧೂಳು ಕೂರುವುದಿಲ್ಲ. ಎರಡೂ ಕಡೆ ಹೊಳಪಿದ್ದರೆ ಇನ್ನೂ ಒಳ್ಳೇದು. ಹೊಳಪು ಕೆಳಗಿದ್ದರೆ ಝಳ ತಡೆಯುವುದು ಹೇಗೆ ಅಂತ ಕೇಳುತ್ತಾರೆ. ಹೊಳೆಯುವ ಲೋಹ ಬಿದ್ದ ಝಳವನ್ನು ಎಸೆಯುವಷ್ಟೇ ತನ್ನ ಝಳವನ್ನು ಹೊರಗೆ ಬಿಡುವುದರಲ್ಲೂ ಜಿಪುಣ. ಹಾಗಾಗಿ ಯಾವ ಕಡೆ ಇದ್ದರೂ ಕೆಲಸ ನಡೆಯುತ್ತದೆ. ಆದರೆ ಎದುರಿಗೆ ಒಂದು ಇಂಚಾದರೂ ಖಾಲಿ ಗಾಳಿಯ ಜಾಗ ಇರಲೇಬೇಕು. ಶೀಟಿಗೆ ಒತ್ತಿ ಅಂಟಿಸಿ, ಕೆಳಗೆ ಥರ್ಮೊಕೋಲ್ ಒತ್ತಿಬಿಟ್ಟರೆ ಅಲ್ಯೂಮಿನಿಯಂ ಏನೂ ತಡೆಯುವುದಿಲ್ಲ. ಪಾತ್ರೆ ಮಾಡುವ ಲೋಹ ಅದು, ಮುಟ್ಟಿದ ಶಾಖವನ್ನು ಸಲೀಸಾಗಿ ದಾಟಿಸುತ್ತದೆ.

ಈ ಅಟ್ಟದ ಗಾಳಿ ಹೊರಗೆ ಹೋಗಬೇಕು. ಎರಡು ಪಕ್ಕದ ತ್ರಿಕೋನ ಗೋಡೆಗಳನ್ನು ಪೂರ್ತಿ ಮುಚ್ಚಿದ್ದರೆ ಒಡೆದು ಕಿಂಡಿ ಮಾಡಿಸಿ. ನಮ್ಮಲ್ಲಿ ಮಧ್ಯಾಹ್ನದಿಂದ ಕಡಲ ಗಾಳಿ ಪಶ್ಚಿಮದಿಂದ ಬರುತ್ತದೆ, ಜೂನಿನ ಮಳೆಯೂ ಅದೇ ದಿಕ್ಕಿನಿಂದ ಹೊಡೆಯುತ್ತದೆ. ಹಾಗಾಗಿ ಪಶ್ಚಿಮದ ಕಿಂಡಿಗೆ ಕೆಳಮುಖ ಇಳಿಜಾರಿನ ಪಟ್ಟಿಗಳು ಬೇಕು, ಬಿಸಿ ಗಾಳಿ ಹೋಗುವ ಎತ್ತರದ ಕಿಂಡಿ ಪೂರ್ವಕ್ಕಿರಲಿ. ಎರಡಕ್ಕೂ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಬಿಗಿಸಿ. ಇಲಿಗೆ ಗುಳ್ಳೆ ಹಾಳೆ ಅಂದರೆ ಮೆತ್ತಗಿನ ಹಾಸಿಗೆ. ಇಲಿ ಬಂದ ಕಡೆ ಹಾವು ಬರುವುದು ನಮ್ಮೂರಲ್ಲಿ ಹೊಸದಲ್ಲ.

ಚಳಿಗಾಲದ ಬೆಳಗಿನ ಜಾವ ತಗಡಿನ ಒಳಮೈಯಿಂದ ನೀರು ತೊಟ್ಟಿಕ್ಕುವುದನ್ನು ನೀವು ನೋಡಿರಬಹುದು. ಸೋರಿಕೆ ಅಂತ ಸ್ಕ್ರೂಗೆಲ್ಲ ಗಮ್ ಹಚ್ಚಿಸುತ್ತಾರೆ. ಅದು ಸೋರಿಕೆ ಅಲ್ಲ. ಮೋಡ ಇಲ್ಲದ ರಾತ್ರಿ ತಗಡು ಆಕಾಶಕ್ಕೆ ಕಾವು ಬಿಟ್ಟು ಗಾಳಿಗಿಂತ ತಣ್ಣಗಾಗುತ್ತದೆ, ಅದರ ಮೇಲೆ ಗಾಳಿಯ ಪಸೆ ಬೆವರಾಗಿ ಕೂರುತ್ತದೆ. ಕೆಳಗೆ ಹಾಳೆ ಇದ್ದರೆ ಆ ನೀರು ಹಾಳೆಯ ಮೇಲೆ ಬೀಳುತ್ತದೆ. ಹಾಳೆ ಮಾಡಿನ ಇಳಿಜಾರಿನಲ್ಲೇ ಇದ್ದು, ಅದರ ಕೆಳಗಿನ ಅಂಚು ಗೋಡೆಯ ಆಚೆ ಸೂರಿನ ಹೊರಗೆ ಮುಗಿದರೆ ನೀರು ತಾನೇ ಹೋಗುತ್ತದೆ. ಒಳಗೆ ಮುಗಿದರೆ ಪಿವಿಸಿ ಮೇಲೆ ನಿಲ್ಲುತ್ತದೆ. ತುಂಡು ತುಂಡು ಜೋಡಿಸುವಾಗ ಮೇಲಿನ ತುಂಡು ಕೆಳಗಿನದರ ಮೇಲೆ ಬರಬೇಕು, ಹೆಂಚು ಹೊದಿಸಿದ ಹಾಗೆ. ಬರೀ ಟೇಪನ್ನು ನಂಬಬೇಡಿ, ಒಂದು ಮಳೆಗಾಲಕ್ಕೆ ಬಿಟ್ಟುಕೊಂಡು ಜೋತಾಡುತ್ತದೆ.

ಉಪ್ಪು ಗಾಳಿಯ ಭಯ ನಿಜವಾದದ್ದು. ಕೋಡಿಬಾಗ ಒಂದು ಕಡೆ ಕಡಲು, ಒಂದು ಕಡೆ ಕಾಳಿ ನದಿಯ ಅಳಿವೆ. ಉಪ್ಪು, ಪಸೆ ಎರಡೂ ಸೇರಿದಾಗ ಅಲ್ಯೂಮಿನಿಯಂ ಮೈಯಲ್ಲಿ ಚುಕ್ಕಿ ಚುಕ್ಕಿಯಾಗಿ ಬಿಳಿ ಪುಡಿ ಏಳುತ್ತದೆ. ಈ ಹಾಳೆಗಳ ಲೋಹ ಕೂದಲಿಗಿಂತಲೂ ತೆಳ್ಳಗೆ, ತಡೆಯುವ ಶಕ್ತಿ ಎಷ್ಟು ಇರಲಿಕ್ಕೆ ಸಾಧ್ಯ? ತುಕ್ಕು ಹಿಡಿದ ಪೈಪಿಗೆ ತಾಗಿ ಒದ್ದೆಯಾದ ಕಡೆ ಮೊದಲು ಹೋಗುತ್ತದೆ. ಪೈಪಿಗೆ ಬಣ್ಣ ಹೊಡೆಸಿ, ಪೈಪಿಗೂ ಹಾಳೆಗೂ ನಡುವೆ ಒಂದು ಪಿವಿಸಿ ಪಟ್ಟಿ ಕೊಟ್ಟು, ನೈಲಾನ್ ಪಟ್ಟಿಯಿಂದ ಕಟ್ಟಿಸಿ.

ಬೆಳ್ಳಿ ಬಣ್ಣದ್ದೆಲ್ಲ ಲೋಹ ಅಲ್ಲ. ಅಗ್ಗದ ಕೆಲವು ಹಾಳೆಗಳಲ್ಲಿ ಲೋಹದ ಮೇಲೆ ದಪ್ಪ ಪ್ಲಾಸ್ಟಿಕ್ ಪದರ ಇರುತ್ತದೆ. ಕಣ್ಣಿಗೆ ಹೊಳೆಯುತ್ತದೆ, ಝಳಕ್ಕೆ ಪ್ಲಾಸ್ಟಿಕ್ಕೇ. ಪರೀಕ್ಷೆ ಸುಲಭ. ಹಾಳೆಯನ್ನು ನೆರಳಿನಲ್ಲಿ ಇಟ್ಟು ಅಂಗೈಯನ್ನು ಒಂದು ಇಂಚು ಮೇಲೆ ಹಿಡಿಯಿರಿ, ಮುಟ್ಟಬೇಡಿ. ನಿಜವಾದ ಲೋಹದ ಮೈ ಆದರೆ ನಿಮ್ಮ ಅಂಗೈಯ ಬಿಸಿ ನಿಮಗೇ ವಾಪಸ್ ಬಂದು ಬೆಚ್ಚಗಾಗುವುದು ಗೊತ್ತಾಗುತ್ತದೆ. ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟ. ಇನ್ನೊಂದು ತುಂಡನ್ನು ಅಂಗಳಕ್ಕೆ ಒಯ್ದು, ಪಕ್ಕದಲ್ಲಿ ನೀರಿಟ್ಟುಕೊಂಡು, ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ. ಕಡ್ಡಿ ತೆಗೆದ ಮೇಲೂ ಉರಿಯುತ್ತ ಹನಿ ಹನಿ ಬೀಳುವ ಮಾಲು ಮನೆಯೊಳಗೆ ಬೇಡವೇ ಬೇಡ. ಅಟ್ಟದಲ್ಲಿ ವೈರ್ ಇರುತ್ತದೆ, ವೈರ್ ಇದ್ದಲ್ಲಿ ಕಿಡಿ ಹಾರುವ ಸಂಭವ ಇದ್ದೇ ಇದೆ.

ಶಾಕ್ ವಿಷಯವನ್ನು ಹಗುರ ಮಾಡಬೇಡಿ. ಆಸ್ಟ್ರೇಲಿಯಾದಲ್ಲಿ 2009ರಲ್ಲಿ ಸರ್ಕಾರವೇ ಮನೆಗಳ ಅಟ್ಟಕ್ಕೆ ಇನ್ಸುಲೇಷನ್ ಹಾಕಿಸುವ ದೊಡ್ಡ ಯೋಜನೆ ಶುರು ಮಾಡಿತು. ಅವಸರದ ಕೆಲಸದಲ್ಲಿ ನಾಲ್ವರು ಯುವಕರು ಜೀವ ಕಳೆದುಕೊಂಡರು, ಮೂವರು ಕರೆಂಟ್ ಹೊಡೆದು. ಫಾಯಿಲ್ ಬಿಗಿಯುವ ಲೋಹದ ಪಿನ್ನು ವೈರಿನೊಳಗೆ ಇಳಿದು ಇಡೀ ಹಾಳೆಗೆ ಕರೆಂಟ್ ಹರಿದದ್ದೂ ಅದರಲ್ಲಿದೆ. 2010ರ ಫೆಬ್ರವರಿಯಲ್ಲಿ ಯೋಜನೆಯನ್ನೇ ನಿಲ್ಲಿಸಿದರು. ನಿಮ್ಮಲ್ಲಿ ಮೊದಲು ಎಲೆಕ್ಟ್ರಿಷಿಯನ್ ಬಂದು ಅಟ್ಟದ ಎಲ್ಲ ವೈರನ್ನೂ ಪೈಪಿನೊಳಗೆ ಹಾಕಲಿ, ಬಿಟ್ಟ ಜಾಯಿಂಟ್‌ಗಳನ್ನು ಡಬ್ಬಿಯೊಳಗೆ ಮುಚ್ಚಲಿ. ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಹಾಳೆ ಕಟ್ಟುವ ದಿನ ಮೇನ್ ಆಫ್ ಇರಲಿ. ಕೆಲಸಕ್ಕೆ ಬರುವ ಹುಡುಗರ ಜೀವದ ಪ್ರಶ್ನೆ, 'ಅರ್ಧ ಗಂಟೆ ಕೆಲಸ ಅಮ್ಮಾ' ಅಂದರೂ ಒಪ್ಪಬೇಡಿ.

ಹಾಳೆಗಿಂತ ಮೊದಲು ಮಾಡಬಹುದಾದದ್ದು ಬೇರೆ ಇದೆ. ನನ್ನ ಮನೆ ಆಗಿದ್ದರೆ ನಾನು ಅದರಿಂದಲೇ ಶುರು ಮಾಡುತ್ತಿದ್ದೆ. ಶೀಟಿನ ಮೇಲ್ಮೈಗೆ ಬಿಳಿ ಬಣ್ಣ. ಕಡು ಹಸಿರು ಬಿಸಿಲನ್ನು ಕುಡಿಯುತ್ತದೆ, ಒಳ್ಳೆಯ ಬಿಳಿ ಬಣ್ಣ ಹೊಸದರಲ್ಲಿ 80% ತನಕ ವಾಪಸ್ ಎಸೆಯುತ್ತದೆ. ಝಳ ಹುಟ್ಟಿದ ಮೇಲೆ ತಡೆಯುವುದಕ್ಕಿಂತ ಹುಟ್ಟದ ಹಾಗೆ ಮಾಡುವುದು ಲೇಸು. ಇದರ ತೊಂದರೆಯೂ ಗೊತ್ತಿರಲಿ. ಕಾರವಾರದ ಮಳೆ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು, ಸೆಪ್ಟೆಂಬರ್ ಹೊತ್ತಿಗೆ ಬಿಳಿ ಶೀಟು ಪಾಚಿ ಹಿಡಿದು ಕಪ್ಪಾಗಿರುತ್ತದೆ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಬ್ರಷ್ ಹಾಕಿ ತಿಕ್ಕಿ ತೊಳೆಯದಿದ್ದರೆ ಲಾಭ ಇಲ್ಲ. ಬಣ್ಣ ಹೊಡೆಯುವ ಮೊದಲು ಸಿಹಿ ನೀರಿನಿಂದ ಉಪ್ಪು ತೊಳೆದು ಎರಡು ದಿನ ಒಣಗಲು ಬಿಡಬೇಕು. ಇಲ್ಲದಿದ್ದರೆ ಹಪ್ಪಳದ ಹಾಗೆ ಏಳುತ್ತದೆ.

ಮಗಳ ಕೋಣೆಯ ಪಿವಿಸಿ ಸೀಲಿಂಗನ್ನೂ ಒಮ್ಮೆ ನೋಡಿ. ಪಟ್ಟಿಗಳ ಸಂದು, ಗೋಡೆಯ ಅಂಚು, ಎಲ್‌ಇಡಿ ದೀಪಕ್ಕೆ ಕೊರೆದ ತೂತು, ಇವುಗಳಿಂದ ಅಟ್ಟದ ಬಿಸಿ ಗಾಳಿ ಕೆಳಗಿಳಿಯುತ್ತದೆ, ತಂಪು ಗಾಳಿ ಸೋರುತ್ತದೆ. ಊದುಬತ್ತಿ ಹಚ್ಚಿ ಸಂದಿನ ಹತ್ತಿರ ಹಿಡಿದರೆ ಹೊಗೆ ಅಲುಗಾಡಿ ಹೇಳುತ್ತದೆ. ಸಿಲಿಕಾನ್ ಗಮ್ಮಿನ ಎರಡು ಟ್ಯೂಬಿನ ಕೆಲಸ. ಏಸಿಯನ್ನು 26ಕ್ಕೆ ಇಟ್ಟು ಫ್ಯಾನ್ ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟ್ ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಏಸಿಗಳನ್ನು 24ಕ್ಕೇ ಹೊಂದಿಸಿ ಕೊಡುತ್ತಿರುವುದು ಅದಕ್ಕೇ. ಹಾಳೆ ಹಾಕಿ ನೆತ್ತಿಯ ಝಳ ನಿಂತರೆ ಮಗಳಿಗೆ 26 ಸಾಕಾಗುತ್ತದೆ. ಹಾಳೆಯ ದೊಡ್ಡ ಉಪಕಾರ ಅಂದರೆ ನನ್ನ ಪ್ರಕಾರ ಇದೇ.

ಗ್ಲಾಸ್ ವೂಲ್, ಅಂದರೆ ಗಾಜಿನ ಎಳೆಯ ಹತ್ತಿಯಂಥ ಹೊದಿಕೆ, ನಮ್ಮ ಕರಾವಳಿಗೆ ನಾನು ಹೇಳುವುದಿಲ್ಲ. ಪಸೆ ಹೀರಿ ಜೋತು ಬೀಳುತ್ತದೆ. ಎರಡು ತಗಡಿನ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಚೆನ್ನಾಗಿರುತ್ತದೆ, ಆದರೆ ಇರುವ ಶೀಟು ತೆಗೆದು ಹೊಸ ಮಾಡು ಮಾಡಿದಷ್ಟು ಖರ್ಚು. ಮುಂದೊಂದು ದಿನ ಶೀಟು ತುಕ್ಕು ಹಿಡಿದು ಬದಲಿಸುವಾಗ ಯೋಚಿಸಿ.

ಇನ್ನು ಕೆಳಗಿನ ಕೋಣೆ. 31,200 ರೂಪಾಯಿ ನಿಜವಾಗಿ ಕೈಯಲ್ಲಿದ್ದರೆ ಅದರ ದೊಡ್ಡ ಪಾಲು ಬೋಳು ತಾರಸಿಗೆ ಹೋಗಬೇಕು. ಸ್ಲ್ಯಾಬಿಗೆ ಬೇಕಾದದ್ದು ನೆರಳು. ನಮ್ಮ ಊರುಗಳಲ್ಲಿ ಮಳೆಗೆ ಅಂತ ತಾರಸಿಯ ಮೇಲೆ ನಾಲ್ಕು ಕಡೆ ತೆರೆದ ಶೀಟಿನ ಮಾಡು ಹಾಕುತ್ತಾರಲ್ಲ, ಅದು ಬೇಸಿಗೆಯಲ್ಲೂ ಅಷ್ಟೇ ಕೆಲಸ ಮಾಡುತ್ತದೆ. ಕೆಳಗೆ ಗಾಳಿ ಆಡುತ್ತದೆ, ಬಟ್ಟೆಯೂ ಒಣಗುತ್ತದೆ. ಅದರ ಅಡಿಗೆ ಬೆಳ್ಳಿ ಹಾಳೆಯ ಅಗತ್ಯವೇ ಇಲ್ಲ. ಅಷ್ಟು ಖರ್ಚು ಈ ವರ್ಷ ಆಗದಿದ್ದರೆ ತಾರಸಿಗೆ ಬಿಳಿ ಬಣ್ಣ, ಅದೂ ಆಗದಿದ್ದರೆ ಸುಣ್ಣ. ಬಿದಿರಿನ ಚಪ್ಪರ ಕಟ್ಟಿ ತೆಂಗಿನ ಮಡಲು ಹೊದಿಸಿದರೂ ಮಾರ್ಚ್‌ನಿಂದ ಮೇ ತನಕ ಚೆಂದ ನಡೆಯುತ್ತದೆ, ಬೆಂಕಿಯ ಎಚ್ಚರ ಇಟ್ಟುಕೊಂಡು, ಮಳೆಗೆ ಮುಂಚೆ ಬಿಚ್ಚಬೇಕು ಅಷ್ಟೇ. ಸಂಜೆ ತಾರಸಿಗೆ ನೀರು ಹೊಡೆಯುವುದನ್ನು ಕೆಲವರು ಹೇಳುತ್ತಾರೆ. ಮೇ ತಿಂಗಳಲ್ಲಿ ಬಾವಿಯ ತಳ ಕಾಣುವಾಗ ನಾನು ಅದನ್ನು ಹೇಳಲಾರೆ.

ಅಣ್ಣನ ಮನೆಯ ಮಾತು. ಚಳಿಗಾಲದಲ್ಲಿ ಲೆಕ್ಕ ತಿರುಗುತ್ತದೆ. ಮನೆಯೊಳಗಿನ ಬೆಚ್ಚನೆ ಗಾಳಿ ಹಗುರಾಗಿ ತಾನೇ ಮೇಲೇರಿ ಹೆಂಚಿನ ಸಂದಿನಿಂದ ಹೋಗುತ್ತದೆ, ಝಳದ ಪಾಲು ಕಡಿಮೆ. ಹಾಗಾಗಿ ಹಾಳೆಯ ಉಪಯೋಗವೂ ಕಡಿಮೆ. ಹೀಟರ್ ಉರಿಸುವ ದೇಶಗಳಲ್ಲಿ ಇದಕ್ಕೆ ದಪ್ಪ ಹೊದಿಕೆಯೇ ಬೇಕು ಅನ್ನುವುದು ಹಳೆಯ ಅನುಭವ. ಶಿರಸಿಯಲ್ಲಿ ಕೋಣೆ ಬೆಚ್ಚಗೆ ಮಾಡಲಿಕ್ಕೆ ಕರೆಂಟ್ ಯಾರು ಸುಡುತ್ತಾರೆ? ಹಂಡೆಗೆ ಸೌದೆ ಹಾಕುತ್ತೇವೆ ಅಷ್ಟೇ. ಖರ್ಚೇ ಇಲ್ಲದ ಕಡೆ ಉಳಿತಾಯ ಎಲ್ಲಿಂದ ಬರಬೇಕು?

ಅಷ್ಟೇ ಅಲ್ಲ, ಹೆಂಚಿನ ಮಾಡಿಗೆ ಇದರಿಂದ ಹಾನಿಯೂ ಆಗಬಹುದು. ಈ ತಪ್ಪು ನಾನೇ ಮಾಡಿದ್ದೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಶಿರಸಿ ಹತ್ತಿರದ ಒಂದು ಮನೆಗೆ ಪಕಾಸಿನ (ಮಾಡಿನ ಇಳಿಜಾರು ಮರದ) ಕೆಳಗೆ ಒಂದು ಸಂದೂ ಬಿಡದೆ ಹಾಳೆ ಹೊದಿಸಿದೆ. ಚೆಂದ ಕಂಡಿತು. ಮಳೆಗಾಲದಲ್ಲಿ ಮಂಗಗಳು ಎರಡು ಹೆಂಚು ಒಡೆದಿದ್ದವು, ಹಾಳೆ ಮುಚ್ಚಿದ್ದರಿಂದ ಮನೆಯವರಿಗೆ ಗೊತ್ತೇ ಆಗಲಿಲ್ಲ. ದೀಪಾವಳಿ ಹೊತ್ತಿಗೆ ಹಾಳೆ ಬಿಚ್ಚಿದಾಗ ಹೆಂಚು ಕೂರುವ ಮರದ ರೀಪುಗಳ ಮೇಲೆ ಬಿಳಿ ಬೂಸ್ಟು, ಒಂದು ಕಡೆ ಬೆರಳು ಒತ್ತಿದರೆ ಮರ ಒಳಗೆ ಹೋಗುತ್ತಿತ್ತು. 11 ರೀಪು ನನ್ನ ಖರ್ಚಿನಲ್ಲಿ ಬದಲಿಸಿ ಕೊಟ್ಟೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಮಾಡಲು ಶುರು ಮಾಡಿದ ಹೆಂಚು ನಮ್ಮ ಮಳೆಯಲ್ಲಿ ಇಷ್ಟು ಕಾಲ ಬಾಳಿರುವುದಕ್ಕೆ ಅದರ ಸಂದುಗಳೂ ಕಾರಣ. ಒದ್ದೆಯಾದ ಮರ ಆ ಗಾಳಿಗೇ ಒಣಗುವುದು. ಅಣ್ಣನ ಮನೆಯಲ್ಲಿ ಮರದ ಮುಚ್ಚಿಗೆ, ಅದರ ಮೇಲೆ ಮಣ್ಣು ಮೆತ್ತಿದ್ದು ಇನ್ನೂ ಇದ್ದರೆ ಅದಕ್ಕಿಂತ ಒಳ್ಳೆಯ ಹೊದಿಕೆ ಅಂಗಡಿಯಲ್ಲಿ ಸಿಗುವುದಿಲ್ಲ. ಒಡೆದ ಹೆಂಚು ಬದಲಿಸಿ, ಮಲಗುವ ಕೋಣೆಯ ಬಾಗಿಲ ಸಂದು ಮುಚ್ಚಿಸಲಿ. ಚಳಿಗೆ ಅಷ್ಟು ಸಾಕು.

ನಿಮ್ಮಲ್ಲಿ ಈಗಲೇ ಅವಸರ ಬೇಡ. ಜೂನ್ ಬಾಗಿಲಿಗೆ ಬಂದಿದೆ, ಈಗ ಬಿಚ್ಚಿದ ಸೀಲಿಂಗ್ ಮಳೆಯೊಳಗೆ ಸಿಕ್ಕಿಕೊಳ್ಳುತ್ತದೆ. ಬಣ್ಣ, ಕಿಂಡಿ, ಹಾಳೆ ಎಲ್ಲವನ್ನೂ ನವೆಂಬರ್‌ಗೆ ಇಟ್ಟುಕೊಳ್ಳಿ. ಅಷ್ಟರೊಳಗೆ ಒಂದು ಕೆಲಸ ಮಾಡಿ. ಬಿಸಿಲಿರುವ ದಿನ ನೋಡಿ, ರಾತ್ರಿ ಹತ್ತು ಗಂಟೆಗೆ, ಏಸಿ ಹಾಕುವ ಮೊದಲು, ಅತ್ತೆ, ಮಾವನ ಕೋಣೆಯಲ್ಲಿ ಸ್ಟೂಲ್ ಹತ್ತಿ ಸ್ಲ್ಯಾಬಿಗೆ ಅಂಗೈ ಇಡಿ. ಆಮೇಲೆ ಮೇಲೆ ಹೋಗಿ ಮಗಳ ಕೋಣೆಯ ಸೀಲಿಂಗಿಗೂ ಇಡಿ. ಎರಡು ಕಡೆ ಹೇಗಿತ್ತು ಅಂತ ನನಗೆ ಬರೆದು ಕಳಿಸಿ, ತಾರಸಿಯ ಮಾಡಿಗೆ ಎಷ್ಟು ಎತ್ತರ, ಎಷ್ಟು ಕಂಬ ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.